ನಾಲ್ಕು ದಾಟಿದವು, ಉಳಿದವು ಎಷ್ಟು?

ಕಳೆದ ಶನಿವಾರ ನಮ್ಮ ಯಳಂದೂರಿನ ಶಾಲೆಯ ಹಿತ್ತಲಲ್ಲಿ ನಾವಿದ್ದದ್ದು ಹದಿನಾಲ್ಕು ಜನ. ಏಳನೇ ತರಗತಿಯ ಹನ್ನೆರಡು ಮಕ್ಕಳು, ಬಿಸಿಯೂಟದ ಅಕ್ಕ, ನಾನು. ಕಾಂಪೌಂಡಿಗೆ ಒರಗಿಕೊಂಡು ಬೆಳೆದಿದ್ದ ಲಂಟಾನದ ಪೊದೆಯನ್ನು ಅಕ್ಕ ಕುಡುಗೋಲಿನಿಂದ ಸವರುತ್ತಿದ್ದಳು, ಮಕ್ಕಳು ಎಳೆದೆಳೆದು ಗುಡ್ಡೆ ಹಾಕುತ್ತಿದ್ದರು. ಯಾರದೋ ಕಾಲಿಗೆ ಸಿಕ್ಕಿ ಎಲೆ ನಲುಗಿ ಘಾಟು ಎದ್ದಿತು ನೋಡಿ, ನನ್ನ ಕೈಯಲ್ಲಿದ್ದ ಪೊರಕೆ ಹಾಗೇ ನಿಂತಿತು.

"ಯಾಕ್ ಮಿಸ್, ಆವ್‌ ಗೀವ್‌ ಕಂಡ್ರಾ?" ಎಂದಳು ಅಕ್ಕ.

ಹಾವಲ್ಲ. ಆ ವಾಸನೆ. ಅದರ ಹಿಂದೆಯೇ ನಮ್ಮ ಲೆಕ್ಕದ ಮೇಷ್ಟ್ರು ಬಂದು ನಿಲ್ಲುತ್ತಾರೆ...

ನಾನು ಓದಿದ್ದು ಒಡೆಯರಪಾಳ್ಯದಿಂದಾಚೆ, ಕಾಡಿನ ಅಂಚಿನ ಊರಿನ ಹೈಸ್ಕೂಲಿನಲ್ಲಿ. ಮೇಷ್ಟ್ರು ಇದೇ ಯಳಂದೂರಿನ ಕಡೆಯವರು. ನಮ್ಮೂರಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬರೇ ಇದ್ದರು. ಕಡ್ಡಿಯಂಥ ಆಳು. "ಈ ಪುಣ್ಯಾತ್ಮ ಜೋರಾಗಿ ಗಾಳಿ ಬೀಸುದ್ರೆ ಅನೂರ್‌ಗೋಗಿ ಬೀಳ್ತಾನೆ" ಎಂದು ನಮ್ಮಜ್ಜಿ ನಗುತ್ತಿದ್ದಳು.

ನನಗೆ ಬರೀ ಅಂಕಿಗಳಾದರೆ ಹೇಗೋ ಆಗುತ್ತಿತ್ತು. ಲೆಕ್ಕ ಮಾತಿನಲ್ಲಿ ಬಂದರೆ ಮಾತ್ರ ಎಲ್ಲಿಂದ ಶುರು ಮಾಡುವುದೋ ತಿಳಿಯುತ್ತಿರಲಿಲ್ಲ. ಮೇಷ್ಟ್ರು ಒಂದು ದಿನ ಬೋರ್ಡಿನ ಮೇಲೆ ಬರೆದರು: ಒಂದು ಬಸ್ಸಿನಲ್ಲಿ ಕೆಲವರು ಇದ್ದರು, ಹನೂರಿನಲ್ಲಿ ಒಂಬತ್ತು ಜನ ಇಳಿದರು, ಉಳಿದವರನ್ನು ಬೀಜೋಕ್ತಿಯಲ್ಲಿ ಬರೆಯಿರಿ. ಎಷ್ಟು ಜನ ಇದ್ದರು ಅನ್ನುವುದೇ ಗೊತ್ತಿಲ್ಲ, ಬರೆಯುವುದೇನನ್ನು? ಗೊತ್ತಿಲ್ಲದ ಕಡೆ ಸೊನ್ನೆ ಹಾಕುವುದು ನನ್ನ ಅಭ್ಯಾಸ. ಹಾಕಿದೆ.

"ಅಲ್ಲ ಕಣಮ್ಮಿ, ಬಸ್ಸು ಕಾಲಿ ಬಂತಾ? ಕಾಲಿ ಬಸ್ಸಿಂದ ಒಂಬತ್ತು ಜನ ಎಂಗಿಳುದ್ರು? ಡ್ರೈವರ್ರೂ ಇಲ್ವಾ ಅದ್ರಲ್ಲಿ?"

ಕ್ಲಾಸೆಲ್ಲ ಗೊಳ್ಳೆಂದಿತು. ಮೇಷ್ಟ್ರು ನಗಲಿಲ್ಲ. ಮೊದಲು ಆ ಲೆಕ್ಕವನ್ನು ನಿಮ್ಮಜ್ಜಿಗೆ ಹೇಳುವ ಹಾಗೆ ಹೇಳು ಎಂದರು. ಹೇಳಿದೆ. ಇದರಲ್ಲಿ ನಿನಗೆ ಗೊತ್ತಿಲ್ಲದ್ದು ಯಾವುದು, ಅದನ್ನು ಎಕ್ಸ್ ಅನ್ನು. ಅಂದೆ. ಈಗ ಅದಕ್ಕೆ ಏನಾಯ್ತು? ಒಂಬತ್ತು ಇಳಿದರು. ಹಾಗೆ ನನ್ನ ಕೈಯಿಂದಲೇ ಎಕ್ಸ್ ಮೈನಸ್ ಒಂಬತ್ತು ಬರೆಸಿದರು. ವರ್ಷವಿಡೀ ಹೀಗೇ ಕೂತು ಬರೆಸಿದರು. ನನ್ನ ಸೊನ್ನೆಯ ಚಾಳಿ ಮಾತ್ರ ಪೂರ್ತಿ ಹೋಗಲಿಲ್ಲ.

ಎಸ್ಸೆಸ್ಸೆಲ್ಸಿಯ ಗಣಿತ ಪರೀಕ್ಷೆಯ ದಿನ ಬೆಳಗ್ಗೆ ಬಸ್ಸು ಬರಲಿಲ್ಲ. ಪರೀಕ್ಷೆ ಹನೂರಿನಲ್ಲಿ. ನಮ್ಮೂರಿನಿಂದ ಹೋಗಬೇಕಿದ್ದವರು ಐದು ಜನ, ಜೊತೆಗೆ ಮೇಷ್ಟ್ರು. ಕವಲುದಾರಿಯ ಕೈಮರದ ತನಕ ನಡೆದರೆ ಬೇರೆ ಬಸ್ಸು ಸಿಗುತ್ತದೆಂದು ಹೊರಟೆವು. ಎರಡು ಕಡೆಯೂ ಲಂಟಾನ, ಆಳೆತ್ತರ. ಮೋರಿಯ ಹತ್ತಿರ ಬಂದಾಗ ಮೇಷ್ಟ್ರು ಕೈ ಅಡ್ಡ ಹಿಡಿದು ನಿಲ್ಲಿಸಿದರು. ಮುಂದೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಆನೆಗಳು ರಸ್ತೆ ದಾಟುತ್ತಿದ್ದವು. ದೊಡ್ಡವು ಮೂರು, ಮರಿ ಒಂದು. ಮೋರಿ ಕಟ್ಟೆಯ ಹಿಂದೆ ಕುಕ್ಕರಗಾಲಲ್ಲಿ ಕೂತೆವು. ನನ್ನ ಮುಷ್ಟಿಯಲ್ಲಿ ಯಾವಾಗ ಲಂಟಾನದ ಎಲೆ ಸಿಕ್ಕಿತೋ, ಯಾವಾಗ ಹಿಸುಕಿದೆನೋ...

ನಾಲ್ಕೂ ಆಚೆ ಪೊದೆಯಲ್ಲಿ ಮರೆಯಾದವು. ಸದ್ದಿಲ್ಲ. ಹೊತ್ತು ಮೀರುತ್ತಿತ್ತು. ನಾನು ಎದ್ದು ರಸ್ತೆಗೆ ಇಳಿದೇಬಿಟ್ಟೆ. "ಎಲ್ಲಾ ಒಂಟೋದ್ವು ಸಾ, ಬನ್ನಿ, ಪರೀಕ್ಸೆ ಸುರುವಾಯ್ತದೆ."

ನಾಲ್ಕು ಹೆಜ್ಜೆಯೂ ಇಟ್ಟಿರಲಿಲ್ಲ. ಹಿಂದಿನಿಂದ ಬ್ಯಾಗಿಗೆ ಕೈ ಬಿತ್ತು. ಎಳೆದ ರಭಸಕ್ಕೆ ಕಟ್ಟೆಯ ಹಿಂದೆ ಹೋಗಿ ಕೂತೆ.

"ಒಟ್ಟು ಎಷ್ಟಿದ್ವು?" ಮೇಷ್ಟ್ರ ದನಿ ಉಸಿರಿನಷ್ಟೇ ಇತ್ತು.

"ಗೊತ್ತಿಲ್ಲ ಸಾ."

"ನಾಕು ದಾಟುದ್ವು. ಇನ್ನೆಷ್ಟು ಉಳುದ್ವು?"

"ಎಕ್ಸ್... ಎಕ್ಸ್ ಮೈನಸ್ ನಾಕು."

"ಅದು ಸೊನ್ನೆ ಅಂತ ನಿಂಗ್ಯಾರಮ್ಮಿ ಯೋಳುದ್ರು?"

ಎಷ್ಟು ಹೊತ್ತು ಕೂತಿದ್ದೆವೋ ತಿಳಿಯದು. ಆಮೇಲೆ ಎಡಗಡೆಯ ಪೊದೆ ಒಂದೇ ಒಂದು ಸಲ ಅಲುಗಿತು. ಸದ್ದೇ ಮಾಡದೆ ಒಂಟಿ ಸಲಗ ರಸ್ತೆಗೆ ಬಂತು, ನಾನು ಆಗ ಹೊರಟಿದ್ದೆನಲ್ಲ, ಆ ದಾರಿಯ ಮೇಲೇ. ನಿಂತಿತು. ಸೊಂಡಿಲೆತ್ತಿ ನಮ್ಮ ಕಡೆ ಗಾಳಿ ನೋಡಿತು. ನನ್ನ ಬ್ಯಾಗು ಗಡಗಡ ಅಲುಗುತ್ತಿತ್ತು. ನಾನೇ ನಡುಗುತ್ತಿದ್ದೇನೆ ಅಂದುಕೊಂಡೆ. ತಿರುಗಿ ನೋಡಿದರೆ, ಅದನ್ನು ಹಿಡಿದಿದ್ದ ಮೇಷ್ಟ್ರ ಕೈ.

ಸಲಗ ಹೋದ ಮೇಲೂ ಅವರು ಬ್ಯಾಗು ಬಿಡಲಿಲ್ಲ. ನಮ್ಮ ತಲೆ ಮುಟ್ಟಿ ಮುಟ್ಟಿ ಎಣಿಸಿದರು. ನಾಕಕ್ಕೆ ನಿಲ್ಲಿಸಿ, ಹುಡುಕಿ, ನನ್ನ ತಲೆ ಸಿಕ್ಕ ಮೇಲೆ ಐದು ಅಂದರು. ಮತ್ತೆ ಮೊದಲಿನಿಂದ ಎಣಿಸಿದರು. ಆಮೇಲೆ ಮೋರಿಯ ಆಚೆ ಹೋಗಿ ವಾಂತಿ ಮಾಡಿಕೊಂಡರು. ಕೈಮರದಲ್ಲಿ ಬಸ್ಸು ಹತ್ತುವಾಗ ಇನ್ನೊಂದು ಸಲ ಎಣಿಸಿದರು. ಹತ್ತು ನಿಮಿಷ ತಡವಾಗಿ ಪರೀಕ್ಷೆಗೆ ಕೂತೆವು. ನಾನು ಪಾಸಾದೆ.

ಆ ಬೇಸಿಗೆಯಲ್ಲೇ ಮೇಷ್ಟ್ರು ಯಳಂದೂರಿಗೆ ವರ್ಗ ಮಾಡಿಸಿಕೊಂಡು ಹೊರಟುಹೋದರು. "ಆನೆ ಮೇಷ್ಟ್ರು ಎದ್ರುಕೊಂಡು ಓಡೋದ್ರು ಕಣ್ಲಾ" ಎಂದು ಊರ ಹುಡುಗರು ಅವರ ವಾಂತಿಯನ್ನು ಅಣಕಿಸಿ ತೋರಿಸುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಕ್ಕೆ. ಅಜ್ಜಿ ಒಬ್ಬಳೇ ನಗಲಿಲ್ಲ. "ಎದ್ರುಕೊಂಡೋನು ಓಡೋಗ್ಬೇಕಿತ್ತು, ನಿನ್ ಬ್ಯಾಗ್ಯಾಕ್ ಇಡ್ಕಂಡ?" ಎಂದಳು. ಆದರೂ ಮೇಷ್ಟ್ರಿಗೆ ಒಂದು ಕಾಗದ ಬರೆಯಲಿಲ್ಲ. ಈ ಊರಿಗೆ ಕೆಲಸಕ್ಕೆ ಬಂದು ಎರಡು ವರ್ಷವಾದರೂ ಮನೆ ಹುಡುಕಿಕೊಂಡು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ ಅನ್ನುವ ಅಳುಕು...

ಲಂಟಾನ ಕಡಿದ ಶನಿವಾರ ಮಧ್ಯಾಹ್ನ, ಕೈಯಲ್ಲಿ ಆ ವಾಸನೆ ಇದ್ದ ಹಾಗೇ, ಮೇಷ್ಟ್ರ ಮನೆ ಕೇಳಿಕೊಂಡು ಹೋದೆ. ಬಾಗಿಲು ತೆಗೆದದ್ದು ಅವರ ಹೆಂಡತಿ. ಗೋಡೆಯ ಮೇಲಿನ ಮೇಷ್ಟ್ರ ಪಟಕ್ಕೆ ಹಾರ ಹಾಕಿತ್ತು.

"ದೀಪಾವಳಿ ಆದ್ಮೇಲೆ ತೀರೋದ್ರು ಕಣವ್ವ. ಕೊನೇ ಮೂರ್ದಿನ ಜ್ವರ. ಗ್ಯಾನ ಇಲ್ದೇನೆ ಬರೀ ಎಣಿಸೋರು. ಒಂದು, ಎರಡು, ಮೂರು, ನಾಕು... ಅಲ್ಗೇ ನಿಂತು ಕೈಯಲ್ಲಿ ತಡಕಾಡೋರು. ನಮ್ಗಿರೋದು ಇಬ್ರೇ ಮಕ್ಳು. ಅದ್ಯಾವ್ ಲೆಕ್ಕವೋ, ನಮ್ಗೊಂದೂ ಗೊತ್ತಾಗ್ಲಿಲ್ಲ."

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಪಟದ ಮುಂದೆ ತಲೆ ಬಾಗಿಸಿ ನಿಂತು, ಐದು ಸಾ, ಅಂದೆ.