ನಾ ಇಲ್ಲೇ ಅದೀನ್ರಿ

ನನ್ನ ಗಂಡನಿಗೆ ಧಾರವಾಡದಿಂದ ನಾಸಿಕದ ಬ್ಯಾಂಕ್ ಶಾಖೆಗೆ ವರ್ಗವಾದ ಮೇಲೆ ನಾನು ಮನೆಯಲ್ಲೇ ಕೂತು ಸಾಫ್ಟ್‌ವೇರ್‌ಗಳಿಗೆ ಕೈಪಿಡಿ ಬರೆಯತೊಡಗಿದೆ. ಹಾಗೆ ಸಿಕ್ಕ ಕೆಲಸಗಳಲ್ಲಿ ಛತ್ರಪತಿ ಸಂಭಾಜಿನಗರದ ಒಂದು ಸಣ್ಣ ಕಂಪನಿಯದು ವಿಚಿತ್ರವಾಗಿತ್ತು. ನಾಸಿಕದ ಸಾತಪುರದಲ್ಲಿರುವ ಒಂದು ಕಾರ್ಖಾನೆಯವರು ಯಂತ್ರಕ್ಕೆ ಏನೇ ರಿಪೇರಿ ಮಾಡಿದರೂ ಅದನ್ನು ಕಾರ್ಖಾನೆಯ ಫೋನಿಗೆ ಹೇಳಿಡುತ್ತಿದ್ದರು. ಆ ಮಾತು ಅಕ್ಷರವಾಗಿ, ಟಿಪ್ಪಣಿಯಾಗಿ ಉಳಿಯುತ್ತಿತ್ತು. ಬೇಕಾದ ಟಿಪ್ಪಣಿಯನ್ನು ಹುಡುಕಿ ತರುವ ಒಂದು ಸಾಧನವನ್ನು ಈ ಕಂಪನಿ ಮಾಡಿತ್ತು. ಅದನ್ನು ಬಳಸುವುದು ಮನುಷ್ಯರಲ್ಲ, ಒಂದು ಎಐ ಏಜೆಂಟ್. ಕೆಲಸಗಾರ ಪ್ರಶ್ನೆ ಕೇಳಿದರೆ ಏಜೆಂಟ್ ಟಿಪ್ಪಣಿ ತರಿಸಿಕೊಂಡು ಉತ್ತರ ಹೇಳುತ್ತದೆ. ಸಾಧನವನ್ನು ಯಾವಾಗ, ಹೇಗೆ ಬಳಸಬೇಕೆಂದು ಆ ಏಜೆಂಟ್‌ಗೆ ತಿಳಿಸುವ ಪುಟವನ್ನು ನಾನು ಬರೆಯಬೇಕಿತ್ತು. ಅಂಥ ಓದುಗನನ್ನು ನಾನು ಕಂಡಿರಲಿಲ್ಲ. ಅದಕ್ಕೆ ಬೇಸರವಿಲ್ಲ, ಅನುಮಾನವಿಲ್ಲ, ಬರೆದದ್ದನ್ನೆಲ್ಲ ನಂಬುತ್ತದೆ.

ನನ್ನನ್ನೇ ಕರೆದದ್ದಕ್ಕೆ ಕಾರಣವಿತ್ತು. ಬಹಳಷ್ಟು ಟಿಪ್ಪಣಿಗಳು ಕನ್ನಡದಲ್ಲಿದ್ದವು. ಅವುಗಳನ್ನು ಹೇಳಿದ್ದವರು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದ ವಿಜಯಪುರ ಕಡೆಯ ಮನುಷ್ಯ. ಅವರ ತಂದೆತಾಯಿ ರಸ್ತೆ ಕೆಲಸಕ್ಕೆಂದು ಸಂಭಾಜಿನಗರಕ್ಕೆ ಬಂದು ನಿಂತವರು. ಮಗ ನಾಸಿಕದಲ್ಲಿ ದುಡಿಯುತ್ತ, ರಜೆಗೆ ಸಂಭಾಜಿನಗರದ ಮನೆಗೆ ಹೋಗುತ್ತಿದ್ದರಂತೆ. ಹಿಂದಿನ ಮಳೆಗಾಲದಲ್ಲಿ ಹಾಗೆ ಹೋದವರು ಎದೆನೋವು ಬಂದು ತೀರಿಕೊಂಡಿದ್ದರು.

ಒಂದು ಮಧ್ಯಾಹ್ನ ಸಾಧನವನ್ನು ಪರೀಕ್ಷಿಸಲು ಕೂತೆ. ಅದು ಪದ ನೋಡಿ ಅಲ್ಲ, ಅರ್ಥ ನೋಡಿ ಹುಡುಕುತ್ತಿತ್ತು. ಇಂಜಿನಿಯರುಗಳು ಮೊದಲೇ ಅದಕ್ಕೊಂದು ನಿಯಮ ಹಾಕಿದ್ದರು: ಬರಿಗೈಯಲ್ಲಿ ಬರಬೇಡ, ಹತ್ತಿರದ್ದನ್ನಾದರೂ ತಾ. ಕಂಪ್ರೆಸರ್ ಬಗ್ಗೆ ಕೇಳಿದೆ. "ಕೆಮ್ಮಾಕತ್ತಂದ್ರ ಫಿಲ್ಟರ್ ನೋಡ್ರಿ" ಎಂದು ಬಂತು. ಊರ ಕಡೆಯ ಮಾತು ಕಂಡು ಖುಷಿಯಾಗಿ, ತಮಾಷೆಗೆ "ಊಟ ಆಯ್ತಾ?" ಎಂದು ಟೈಪ್ ಮಾಡಿದೆ.

"ನಂದು ಆತ್ರಿ. ನೀವು ಮಾಡ್ರಿ."

ನಕ್ಕುಬಿಟ್ಟೆ. ಮತ್ತೆ ಕೇಳಿದೆ: "ಅಲ್ಲಿ ಯಾರಿದ್ದೀರಿ?"

"ನಾ ಇಲ್ಲೇ ಅದೀನ್ರಿ. ಹೆದರಬ್ಯಾಡ್ರಿ, ಬಂದೆ."

ಕಾರ್ಖಾನೆಯ ಫೋನ್ ಚಾಲೂ ಇದ್ದಾಗ ಯಾರಿಗೋ ಹೇಳಿದ ಮಾತೂ ಟಿಪ್ಪಣಿಯೊಳಗೆ ಸೇರಿತ್ತು, ಅಷ್ಟೆ. ನನಗದು ಗೊತ್ತಿತ್ತು. ಆದರೂ ಎದ್ದು ಹೋಗಿ ಬಾಲ್ಕನಿಯಲ್ಲಿ, ಬಿಸಿಲಲ್ಲಿ ನಿಂತೆ. ಕೆಳಗೆ ಎರಡನೇ ಪಾಳಿಯವರು ಬೈಕುಗಳಲ್ಲಿ ಸಾತಪುರಕ್ಕೆ ಹೊರಟಿದ್ದರು. ಆ ಸದ್ದು ಮುಗಿಯುವವರೆಗೆ ಒಳಗೆ ಬರಲು ಮನಸ್ಸಾಗಲಿಲ್ಲ.

ಕೆಲವೇ ದಿನಗಳಲ್ಲಿ ಕಂಪನಿಯ ಇಂಜಿನಿಯರ್ ಫೋನ್ ಮಾಡಿದ. ಹೊಸದಾಗಿ ಸೇರಿದ್ದ ನಡುವಯಸ್ಸಿನ ಆಪರೇಟರ್ ಒಬ್ಬರು ಕಂಪ್ರೆಸರ್ ಕೋಣೆಯಲ್ಲಿ ಒಂಟಿಯಾಗಿದ್ದಾಗ ಯಂತ್ರದ ಒತ್ತಡ ಏರಿತ್ತು. ಹತ್ತಿರ ಯಾರಾದರೂ ಇದ್ದಾರೆಯೇ ಎಂದು ಅವರು ಏಜೆಂಟ್ ಅನ್ನು ಕೇಳಿದರು. ಏಜೆಂಟ್ ಅದೇ ಟಿಪ್ಪಣಿಯನ್ನು ತರಿಸಿ ಹೇಳಿತ್ತು: ಫೋರ್‌ಮನ್ ಇಲ್ಲೇ ಇದ್ದಾರೆ, ಬರುತ್ತಿದ್ದಾರೆ, ಕಾಯಿರಿ. ಫೋರ್‌ಮನ್ ಸತ್ತ ಸುದ್ದಿ ತಿಳಿಯದ ಆಪರೇಟರ್ ಕಾದಿದ್ದರು. ಕೊನೆಗೆ ಯಂತ್ರ ಸುರಕ್ಷತೆಗಾಗಿ ತಾನಾಗಿ ನಿಂತಿತ್ತು. ಯಾರಿಗೂ ಪೆಟ್ಟಾಗಲಿಲ್ಲ.

ಏನಾಯಿತೆಂದು ಕೇಳಲು ನಾನೇ ಸಾತಪುರಕ್ಕೆ ಹೋದೆ. ಆ ಆಪರೇಟರ್ ಮೆಲ್ಲಗೆ ಮರಾಠಿಯಲ್ಲಿ ಹೇಳಿದರು: "ಮ್ಯಾಡಮ್, ತೆ ಆಲೆ ಹೋತೆ."

ಬಂದಿದ್ದರು, ಎನ್ನುತ್ತಿದ್ದರು.

"ಯಾರು? ನೋಡಿದಿರಾ?"

ನೋಡಿರಲಿಲ್ಲ. ಮೀಟರಿನ ಮುಳ್ಳಿನ ಮೇಲೆ ಅವರ ಕಣ್ಣಿತ್ತು. ಹಿಂದೆ ಯಾರೋ ಕೆಮ್ಮಿದರು, ಸುಣ್ಣ-ತಂಬಾಕಿನ ವಾಸನೆ ಬಂತು. "ಯಾ ಸಾಹೇಬ್", ಬನ್ನಿ ಎಂದು ಇವರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಆಗ ಯಂತ್ರ ನಿಂತಿತು. ಸಾಹೇಬರೇ ನಿಲ್ಲಿಸಿದರು ಎಂದುಕೊಂಡು ತಿರುಗಿದರೆ ಕೋಣೆ ಖಾಲಿ.

ನಮ್ಮ ಸುತ್ತ ನಿಂತವರಲ್ಲಿ ಯಾರೂ ನಗಲಿಲ್ಲ. ಫೋರ್‌ಮನ್‌ಗೆ ತಂಬಾಕಿನ ಚಟವಿತ್ತು ಎಂದು ಹಳೆಯ ಕೆಲಸಗಾರನೊಬ್ಬ ಹೇಳಿ ಹೊರಟುಹೋದ.

ಕಂಪನಿಯವರು ಫೋರ್‌ಮನ್ನರ ಟಿಪ್ಪಣಿಗಳನ್ನೆಲ್ಲ ಅಳಿಸಲು ಮುಂದಾದರು. ಅವರ ಮನೆಯವರನ್ನು ಒಂದು ಮಾತು ಕೇಳೋಣ ಎಂದೆ ನಾನು. ಮನ್ಮಾಡ್ ಮಾರ್ಗದ ರೈಲು ಹಿಡಿದು ಸಂಭಾಜಿನಗರಕ್ಕೆ ಹೋದೆ. ಫೋರ್‌ಮನ್ನರ ಹೆಂಡತಿ ಎರಡು ಕೋಣೆಯ ಮನೆಯಲ್ಲಿ ಮಗಳೊಂದಿಗೆ ಇದ್ದರು. ಕನ್ನಡ ಕೇಳಿದ್ದೇ ಅವರ ಮುಖ ಅರಳಿತು. ಯಜಮಾನರ ದನಿ ಕೇಳಬೇಕೆಂದರು. ಅದು ಉಳಿದಿಲ್ಲ, ಅಕ್ಷರ ಮಾಡಿಕೊಂಡ ಮೇಲೆ ಅಳಿಸಿಬಿಡುತ್ತಾರೆ ಎಂದು ನಾನು ಹೇಳಬೇಕಾಯಿತು.

"ನನಗ ಓದಾಕ ಬರಂಗಿಲ್ಲ. ನೀವ ಓದ್ರಿ" ಎಂದರು.

ಫಿಲ್ಟರ್, ಬೆಲ್ಟು, ಎಣ್ಣೆ ಎಂದು ಒಂದೊಂದಾಗಿ ಓದುತ್ತ ಹೋದೆ. "ಹೆದರಬ್ಯಾಡ್ರಿ" ಎಂಬಲ್ಲಿಗೆ ಬಂದಾಗ ಅವರು ಕೈ ಎತ್ತಿದರು.

"ಸಾಕ್ರಿ. ಹಂಗ ಓದಬ್ಯಾಡ್ರಿ. ಅವರ ದನಿ ಬರಾಕತ್ತದ."

ಮಗಳು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. "ಬಾಬಾ ಅಸಂಚ ಬೋಲಾಯಚೆ" ಎಂದಳು. ಅಪ್ಪ ಹೀಗೇ ಮಾತಾಡುತ್ತಿದ್ದರಂತೆ. ನನ್ನದು ಧಾರವಾಡದ ಕನ್ನಡ. ಆ ಮನುಷ್ಯನ ದನಿಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಆದರೆ ಕೊನೆಯಕ್ಷರ ಎಳೆದು, ನಡುವೆ ಉಸಿರು ನಿಲ್ಲಿಸಿ ಓದುತ್ತಿದ್ದೆ ಎಂಬುದು ಆಗ ನನಗೇ ಅರಿವಾಯಿತು. ನೀರು ಕೇಳಿ ಕುಡಿದೆ.

"ಅದನ್ನ ಯಾರಿಗೆ ಹೇಳ್ಯಾರ, ಗೊತ್ತೇನ್ರಿ?" ಎಂದು ಕೇಳಿದರು ಆಕೆ.

"ಇಲ್ರಿ."

"ನನಗ ಹೇಳ್ಯಾರ. ನನಗೂ ರೀ ಹಚ್ಚೇ ಮಾತಾಡ್ತಿದ್ರು. ಇಲ್ಲಿ ಜೋರ ಮಳಿ, ಕರೆಂಟ್ ಹೋಗಿತ್ತು. ಹೆದರಿ ಫೋನ್ ಮಾಡಿದ್ನಿ. ಅಷ್ಟ ದೂರದಾಗಿದ್ರೂ ಇಲ್ಲೇ ಅದೀನಿ ಅಂದ್ರು." ನಾನು ಕುಡಿದ ಲೋಟವನ್ನು ಎತ್ತಿಟ್ಟರು. "ಕೆಲಸದ ಮಾತು ಕಾರ್ಖಾನಿಯವರಿಗೆ ಇರ್ಲಿ. ಯಾರಿಗರ ಉಪಯೋಗ ಆಗ್ತಾವ. ಇದೊಂದು ನಂದು. ಇದನ್ನ ತಗದಬಿಡ್ರಿ."

ಮರಳಿ ಬಂದು ಅದೊಂದನ್ನೇ ಅಳಿಸಿದೆ. ಬರಿಗೈಯಲ್ಲಿ ಬರಬೇಡ ಎಂಬ ಹಳೆಯ ನಿಯಮವನ್ನು ತೆಗೆಸಿ, ಏಜೆಂಟ್ ಓದುವ ಪುಟದಲ್ಲಿ ಹೊಸದು ಬರೆದೆ: ಟಿಪ್ಪಣಿ ಎಂದರೆ ಅದನ್ನು ಹೇಳಿದ ದಿನದ ಮಾತು. ಹೇಳಿದವರು ಈಗ ಅಲ್ಲಿದ್ದಾರೆಂದು ಯಾರಿಗೂ ತಿಳಿಸಬೇಡ. ಹೊಂದುವಂಥದ್ದು ಸಿಗದಿದ್ದರೆ ಸಿಗಲಿಲ್ಲವೆಂದು ಹೇಳು. ಇಂಜಿನಿಯರ್ ಓದಿ, ಒಂದಕ್ಷರವನ್ನೂ ಬದಲಿಸದೆ ಒಪ್ಪಿಕೊಂಡ.

ಸಾತಪುರದ ಕಂಪ್ರೆಸರ್ ಕೋಣೆಯಲ್ಲಿ ಅದೇ ಆಪರೇಟರ್ ನನ್ನೆದುರೇ ಪರೀಕ್ಷಿಸಿದರು. ಯಾರಾದರೂ ಇದ್ದಾರೆಯೇ ಎಂದು ಕೇಳಿದಾಗ, ಆ ಬಗ್ಗೆ ಟಿಪ್ಪಣಿ ಇಲ್ಲ, ಪಾಳಿಯ ಮೇಲ್ವಿಚಾರಕರಿಗೆ ಫೋನ್ ಮಾಡಿ ಎಂದು ಏಜೆಂಟ್ ಹೇಳಿತು. ಅವರು ಅದನ್ನು ಎರಡು ಸಲ ಓದಿ ತಲೆಯಾಡಿಸಿದರು.

"ಬರೋಬರ ಆಹೇ" ಎಂದರು. ಸರಿಯಾಗಿದೆ.

ಹಾಗೆಂದವರು ಮೀಟರ್ ಕಾಣುವಂತೆ, ಹಿಂದೆ ಯಾರಿಗೂ ಜಾಗ ಬಿಡದೆ, ಗೋಡೆಗೆ ಬೆನ್ನು ಕೊಟ್ಟು ನಿಂತು ಕೆಲಸ ಶುರು ಮಾಡಿದರು. ಹೊರಡುವಾಗ ಕೋಣೆಯ ಬಾಗಿಲನ್ನು ತೆರೆದೇ ಬಿಟ್ಟೆ.