ಬುಡ್ಡೇಸಾಬ್ ಕೆರೆದ ಕೆಂಪು

ಲಿಂಗಸುಗೂರಿನ ಬಜಾರಿನಲ್ಲಿ ನನ್ನ ಚಹಾದಂಗಡಿಗೆ ಅಂಟಿಕೊಂಡೇ ಬುಡ್ಡೇಸಾಬರ ಗಡಿಯಾರ ರಿಪೇರಿ ಅಂಗಡಿ ಇತ್ತು. ಜೀವಮಾನದಲ್ಲಿ ಅವರು ಕಂಡ ದೊಡ್ಡ ನೀರೆಂದರೆ ಜಲದುರ್ಗದ ಹತ್ತಿರದ ಕೃಷ್ಣಾ ಹೊಳೆ. ಅಂಥವರಿಗೆ ಹಡಗಿನ ಗಡಿಯಾರಗಳ ಹುಚ್ಚು! ಎರಡನೇ ಮಹಾಯುದ್ಧ ಮುಗಿದು ಮುಂಬಯಿಯಲ್ಲಿ ಗುಜರಿಗೆ ಬಿದ್ದ ಫೌಜಿ ಹಡಗುಗಳ ಗಡಿಯಾರಗಳನ್ನು ರಾಯಚೂರಿನವರೆಗೆ ರೈಲಿನಲ್ಲಿ ತರಿಸಿಕೊಳ್ಳುತ್ತಿದ್ದರು. ಬೆನ್ನಿನ ಮೇಲಿನ ನಂಬರು, ಬ್ರಿಟಿಷ್ ಸರಕಾರದ ಸ್ವತ್ತೆಂದು ಕೊರೆದ ಬಾಣದ ಗುರುತು ಎಲ್ಲವನ್ನೂ ಉರ್ದುವಿನಲ್ಲಿ ಬರೆದಿಟ್ಟು, ಇದು ಯಾವ ಹಡಗಿನದು ಎಂದು ಊರೂರಿಗೆ ಕಾಗದ ಹಾಕುತ್ತಿದ್ದರು. ಉತ್ತರ ಬಂದದ್ದು ಎರಡಕ್ಕೋ ಮೂರಕ್ಕೋ ಅಷ್ಟೇ.

"ಕುಡಿಯಾಕ ನೀರಿಲ್ಲದ ಊರಾಗ ನಿಮಗ ಹಡಗಿನ ಚಿಂತಿ ಏನ್ರೀ?" ಎಂದು ನಾನು ಕಾಡಿಸುತ್ತಿದ್ದೆ.

"ಯಾರೋ ಒಬ್ಬಾವ ಇದನ್ನ ನೋಡಿಕೋತ ನಿಂತಿದ್ದನಲ್ಲ ನರಸಣ್ಣ, ಅವ ಯಾರಂತ ಗೊತ್ತಾಗಬೇಕು," ಎನ್ನುತ್ತಿದ್ದರು.

ಕಾಡಿಸುತ್ತಿದ್ದ ನನಗೆ ಮನೆಯಲ್ಲಿ ನಗುವಂಥದ್ದೇನೂ ಇರಲಿಲ್ಲ. ತಮ್ಮ ದುರುಗಪ್ಪ ಮುಂಬಯಿಗೆ ಹೋಗಿ ಹಡಗಿನ ಅಡುಗೆಮನೆ ಸೇರಿದ್ದ. ಯುದ್ಧದಲ್ಲಿ ಅವನ ಹಡಗು ಮುಳುಗಿತೆಂದು ಸುದ್ದಿ ಬಂತು. ಎರಡು ತಿಂಗಳಿಗೆ ಅವನೇ ಬಂದ. ಆದರೆ ಬಂದು ಎರಡು ವರ್ಷವಾದರೂ ಹೇಗೆ ಬದುಕಿ ಬಂದೆ ಎಂದರೆ ಬಾಯಿ ಬಿಡುತ್ತಿರಲಿಲ್ಲ. ಹಸಿವಾದರೆ ಊಟ ಕೇಳುತ್ತಿದ್ದ, ಅಷ್ಟೇ ಮಾತು. "ಮಗ ಬಂದಾನ, ಮಾತು ಬಂದಿಲ್ಲ," ಎಂದು ನಮ್ಮವ್ವ ಮಾರೆಮ್ಮ ಕಂಡವರ ಮುಂದೆಲ್ಲ ಅಳುತ್ತಿದ್ದಳು. ನನಗೂ ಅದೇ ಕೊರಗು.

ನಲವತ್ತಾರರ ದಸರಾ ಮುಗಿದ ವಾರ ಬುಡ್ಡೇಸಾಬರಿಗೆ ಮುಂಬಯಿಯಿಂದ ಹೊಸದೊಂದು ಗಡಿಯಾರ ಬಂತು. ಬಿಳಿಯ ಮುಖ, ಅದರ ಮೇಲೆ ಮೂರರ ಪಕ್ಕ ಒಂದು, ಒಂಬತ್ತರ ಪಕ್ಕ ಒಂದು ಕೆಂಪು ಪಟ್ಟಿ. ನಮ್ಮ ಕಡೆ ಆಯುಧಪೂಜೆಗೆ ಗಡಿಯಾರಕ್ಕೂ ಕುಂಕುಮ ಬಳಿಯುತ್ತಾರೆ. ಹಬ್ಬ ಮುಗಿಯುತ್ತಲೇ ಅವನ್ನೆಲ್ಲ ಸೀಮೆಎಣ್ಣೆಯಲ್ಲಿ ಒರೆಸುವುದು ಬುಡ್ಡೇಸಾಬರ ವರ್ಷದ ಕೆಲಸ.

"ಇದಕ್ಕೂ ಯಾರೋ ಪೂಜಾ ಮಾಡ್ಯಾರ ನೋಡು," ಎಂದು ಒರೆಸತೊಡಗಿದರು. ಹೋಗಲಿಲ್ಲ. ಎಣ್ಣೆಯಲ್ಲಿ ಕಲಸಿದ ಕುಂಕುಮ ಇರಬೇಕೆಂದು ಚಾಕುವಿನಿಂದ ಕೆರೆದರು. ಒಂದು ಪಟ್ಟಿ ಪೂರಾ ಹೋಯಿತು. ಇನ್ನೊಂದಕ್ಕೆ ಚಾಕು ಹಚ್ಚಿದ್ದರಷ್ಟೇ, ನೀರಿನ ಕೊಡ ಹೊತ್ತು ಬರುತ್ತಿದ್ದ ದುರುಗಪ್ಪ ಅದನ್ನು ನೋಡಿಬಿಟ್ಟ.

"ಮುಟ್ಟಬ್ಯಾಡ್ರಿ!"

ಕೊಡ ಬಿದ್ದು ಅಂಗಡಿ ತುಂಬ ನೀರಾಯಿತು. ಎರಡು ವರ್ಷದಲ್ಲಿ ಅವನು ಕೂಗಿದ್ದೇ ಅದು ಮೊದಲು.

"ಅದು ಕುಂಕುಮ ಅಲ್ರಿ. ದೊಡ್ಡ ಮುಳ್ಳು ಆ ಕೆಂಪಿಗೆ ಬಂತಂದ್ರ ಮೂರು ನಿಮಿಷ ಎಲ್ಲಾ ಹಡಗಿನಾಗ ವೈರ್‌ಲೆಸ್ ತಂತಿ ಬಡಿಯೋರೂ ಸುಮ್ಮನಾಗಬೇಕು. ಕಿವಿಗೊಟ್ಟು ಕೂಡಬೇಕು. ಎಲ್ಲ್ಯಾರ ಯಾರಾರ ಮುಳುಗಾಕತ್ತಿದ್ರ ಅವರ ಕೂಗು ಕೇಳಲಿ ಅಂತ. ನಾ ತಂತಿ ಸಾಹೇಬ್ರಿಗೆ ಚಹಾ ಒಯ್ತಿದ್ದೆ. ಕೆಂಪಿನಾಗ ಹೋದ್ರ ತುಟಿ ಮ್ಯಾಲ ಬೆರಳು ಇಡ್ತಿದ್ರು. ನಮ್ಮ ಹಡಗಿಗೆ ಪೆಟ್ಟು ಬಿದ್ದಾಗ ನಮ್ಮನ್ನೆಲ್ಲಾ ದೋಣಿಗೆ ಇಳಿಸಿದ್ರು. ಸಾಹೇಬ್ರು ಇಳೀಲಿಲ್ಲ. ಕೆಂಪು ಬರಲಿ, ಆವಾಗ ಎಲ್ಲರೂ ಕೇಳ್ತಾರ ಅಂದ್ರು. ಯಾವುದೋ ಹಡಗು ಕೇಳಿಸಿಕೊಂತು, ನಮ್ಮನ್ನ ಎತ್ತಿಕೊಂತು. ಅವರು ಬರಲಿಲ್ಲ."

ಅಂದು ಅವನು ಅತ್ತ. ಅವ್ವನನ್ನು ಕರೆಸಿದೆ, ಅವಳ ಮುಂದೆ ಮತ್ತೊಮ್ಮೆ ಎಲ್ಲ ಹೇಳಿದ. ಬುಡ್ಡೇಸಾಬರಂತೂ ಚಾಕು ಬಿಸಾಕಿ ತಲೆ ಹಿಡಿದು ಕುಳಿತಿದ್ದರು. ಕೆರೆದು ತೆಗೆದ ಪಟ್ಟಿಯನ್ನು ಮರುದಿನ ದುರುಗಪ್ಪನೇ ಎತ್ತಿನ ಕೋಡಿಗೆ ಹಚ್ಚುವ ಬಣ್ಣದಲ್ಲಿ ತುಂಬಿದ. ತುಸು ಸೊಟ್ಟಗಾಗಿದೆ, ಇರಲಿ.

ಬುಡ್ಡೇಸಾಬ್ ಆ ಗಡಿಯಾರವನ್ನು ನನ್ನ ಅಂಗಡಿಯಲ್ಲೇ ತೂಗುಹಾಕಿದರು. ಮುಳ್ಳು ಕೆಂಪಿಗೆ ಬಂದರೆ ನಾನು ಲೋಟ ತೊಳೆಯುವುದನ್ನೂ ನಿಲ್ಲಿಸುತ್ತೇನೆ. ಗಿರಾಕಿಗಳು ಗೊಣಗಿದರೆ ಗೊಣಗಲಿ, ಬೇರೆ ಅಂಗಡಿ ಬೇಕಾದಷ್ಟಿವೆ. ನನ್ನ ತಮ್ಮನನ್ನು ಬದುಕಿಸಿದ್ದು ಆ ಪುಣ್ಯಾತ್ಮ, ಅವನ ಬಾಯಿ ತೆರೆಸಿದ್ದು ಬುಡ್ಡೇಸಾಬರ ಹುಚ್ಚು. ಇಬ್ಬರ ಋಣವೂ ನನ್ನ ಮೇಲಿದೆ.

ಅಂದೇ ಗಡಿಯಾರಗಳ ನೋಟ್‌ಬುಕ್ ತೆರೆದು ಬುಡ್ಡೇಸಾಬ್ ದುರುಗಪ್ಪನನ್ನು ಕೇಳಿದ್ದರು, "ಅವರ ಹೆಸರೇನಪ್ಪಾ?"

"ಗೊತ್ತಿಲ್ರಿ. ತಂತಿ ಸಾಹೇಬ್ರು ಅಂತಿದ್ವಿ. ಚಹಾಕ್ಕ ಮೂರು ಚಮಚ ಸಕ್ಕರಿ ಹಾಕ್ಕೊಂತಿದ್ರು."

ಬುಡ್ಡೇಸಾಬ್ ಅಷ್ಟನ್ನೇ ಬರೆದುಕೊಂಡರು.