ಕೋಸಾರಾ ಟೀಚರ್ ಮತ್ತು ಹಾಳೆಯ ಅರ್ಧಚಂದ್ರ

ಕೋಸಾರಾ ಟೀಚರ್ ಕೈ ಎತ್ತಿದರೆ ನಿಶಾವಾ ನದಿ ದಂಡೆಯ ನಮ್ಮೂರಿನಲ್ಲಿ ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರೂ ಉಸಿರು ಬಿಗಿಹಿಡಿಯುತ್ತಾರೆ. ಎಪ್ಪತ್ತೊಂದು ವರ್ಷ, ಕುಳ್ಳಗಿನ ಹೆಂಗಸು, ಮೂಗಿನ ತುದಿಯಲ್ಲೇ ಕೋಪ. ಮದುವೆಯೂಟದ ನಡುವೆ ವಾದ್ಯದವರು ಶ್ರುತಿ ತಪ್ಪಿದರೆ ತಟ್ಟೆ ಬಿಟ್ಟೆದ್ದು ತಿದ್ದಿ ಬರುತ್ತಿದ್ದರು. ಸಾವಿನ ಮನೆಯಲ್ಲಿ ಪಾದ್ರಿಯನ್ನೂ ಬಿಟ್ಟವರಲ್ಲ.

ಅವರ ಹೆಮ್ಮೆಯೆಲ್ಲ ಸಂಗೀತ ಶಿಕ್ಷಕರ ಸಂಘದ ಗೀತೆಯ ಮೇಲೆ. ಸಂಘ ಕಟ್ಟಿದ ತೋದೋರ್ ಮಾಸ್ತರು ಬರೆದಿಟ್ಟ ಆ ಹಾಡನ್ನು ಯುದ್ಧದ ಗದ್ದಲದಲ್ಲಿ ಊರೇ ಮರೆತಿತ್ತು. ಕೆಲಸಕ್ಕೆ ಸೇರಿದ ವರ್ಷ ಟೀಚರಿಗೆ ಅದರ ಹಾಳೆ ಸಂಘದ ಕಪಾಟಿನ ತಳದಲ್ಲಿ ಸಿಕ್ಕಿತು. ಗೋಡೆಗೆ ತೂಗುಹಾಕಿ ಹಾಡಿಸಲು ಬರೆದ, ಹಾಸಿಗೆಯಗಲದ ಹಾಳೆ. ಒಂದೊಂದು ಸ್ವರವೂ ಪ್ಲಮ್ ಹಣ್ಣಿನಷ್ಟು ದೊಡ್ಡದು. ಕೊನೆಯ ಸಾಲಿನ ಒಂದು ಸ್ವರದ ಮೇಲೆ ಅರ್ಧಚಂದ್ರ, ಅದರೊಳಗೊಂದು ಚುಕ್ಕಿ. ಹಾಡಿಸುವವರು ಕೈ ಇಳಿಸುವ ತನಕ ಸ್ವರ ಬಿಡಬೇಡಿ ಎನ್ನುವ ಗುರುತು ಅದು.

ಕೋಸಾರಾ ಟೀಚರ್ ಸುಲಭಕ್ಕೆ ಕೈ ಇಳಿಸುವ ಪೈಕಿಯಲ್ಲ. ಆ ಜಾಗ ಬಂದಾಗ ಮುದುಕಿಯರು ಕರವಸ್ತ್ರ ತೆಗೆಯುತ್ತಿದ್ದರು, ಗಂಡಸರು ಗಡಿಯಾರ ನೋಡುತ್ತಿದ್ದರು. ನಡುವೆ ಉಸಿರೆಳೆದವರು ಅವತ್ತೇ ಟೀಚರ ಹಾಡಿನ ಮೇಳದಿಂದ ಹೊರಗೆ.

"ನಾನು ಹೇಳ್ತಿಲ್ಲ, ಹಾಳೆ ಹೇಳತ್ತೆ," ಎಂದು ಕೈ ತೊಳೆದುಕೊಳ್ಳುತ್ತಿದ್ದರು.

ಹಾಗೆ ಹೊರಬಿದ್ದವರಲ್ಲಿ ತಿಹೊಮಿರ್ ಒಬ್ಬ. ಆಗ ಅವನಿಗೆ ಹನ್ನೆರಡು, ಮೈಮೇಲೆ ಅಮ್ಮ ಹೊಲಿದ ಹೊಸ ಅಂಗಿ. ಹಟಕ್ಕೆ ಬಿದ್ದು ಅಕಾರ್ಡಿಯನ್ ಕಲಿತ, ಅದರ ಮೇಷ್ಟ್ರಾದ, ಈಗ ಅದೇ ಸಂಘದ ಅಧ್ಯಕ್ಷ. ಟೀಚರ್ ಎದುರಾದಾಗಲೆಲ್ಲ, "ನನ್ನ ವಾದ್ಯಕ್ಕೆ ಉಸಿರು ಕಟ್ಟಲ್ಲ ಟೀಚರ್," ಎಂದು ಕುಟುಕದೆ ಮುಂದೆ ಹೋಗುತ್ತಿರಲಿಲ್ಲ.

ಸಂಘಕ್ಕೆ ನೂರು ತುಂಬಿತು. ಹಳೆಯ ಕಾಗದಗಳನ್ನು ದುರಸ್ತಿ ಮಾಡಿ ಗಾಜಿನೊಳಗಿಡಲು ಬೆಲ್‌ಗ್ರೇಡಿನಿಂದ ನೆವೆನಾ ಎಂಬ ಹುಡುಗಿ ಬಂದಳು. ಭೂತಗಾಜು ಹಿಡಿದು ಹಾಳೆಯ ಮೇಲೆ ಬಗ್ಗಿದವಳು ಮೂಗನ್ನೂ ಅರ್ಧಚಂದ್ರದ ಹತ್ತಿರ ಒಯ್ದಳು.

"ಟೀಚರ್, ಇದು ಮಸಿ ಅಲ್ಲ. ಕಾಫಿ."

"ಎಂಥಾ ಕಾಫಿ?"

"ಬರೀತಾ ಬರೀತಾ ಮೇಲೆ ಕಪ್ ಇಟ್ಟಿದಾರೆ. ಅರ್ಧ ಅಂಚು ಮೂಡಿದೆ. ಚುಕ್ಕಿ ಅಂದ್ಕೊಂಡಿದ್ದು ಕಾಫಿ ಚರಟ. ಒದ್ದೆ ಹತ್ತಿ ಒತ್ತಿದ್ರೆ ಹೋಗತ್ತೆ. ತೆಗೀಲಾ?"

"ಮುಟ್ಟು ನೋಡೋಣ, ಬೆರಳು ಮುರೀತೀನಿ!"

ನೆವೆನಾ ಹತ್ತಿ ಕೆಳಗಿಟ್ಟಳು. "ಬೇಡ ಅಂದ್ರೆ ಯಾರಿಗೂ ಹೇಳಲ್ಲ, ಬಿಡಿ."

ಟೀಚರ್ ಕುರ್ಚಿಯಲ್ಲಿ ಕುಸಿದರು. ನಲವತ್ತಾರು ವರ್ಷ ಊರನ್ನೇ ಉಸಿರುಗಟ್ಟಿಸಿದ್ದು ಮಾಸ್ತರ ಕಾಫಿ ಚಟಕ್ಕಾಗಿಯೇ? ಅಳುತ್ತ ಮನೆಗೆ ಹೋದ ಮಕ್ಕಳ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ನಾಚಿಕೆಯಿಂದ ಮೈ ಹಿಡಿಯಾಯಿತು. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಕಾಲು ತಿಹೊಮಿರನ ಮನೆಯತ್ತ ನಡೆಯಿತು.

ಕೇಳಿದವನು ಮೇಜು ಹಿಡಿದುಕೊಂಡು ನಕ್ಕ. "ಹಾಗಾದ್ರೆ ನನ್ನನ್ನ ಹೊರಗೆ ಹಾಕಿದ್ದು ಕಾಫಿಗೋಸ್ಕರ!"

"ಕಾಫಿಗಲ್ಲ, ಚರಟಕ್ಕೆ," ಟೀಚರ್ ತಿದ್ದಿದರು. ತಿದ್ದುವ ಚಾಳಿ ಹೋಗುವಂಥದಲ್ಲ.

"ನಾಡಿದ್ದು ನೂರರ ಸಭೇಲಿ ಸಂಘದ ಚರಿತ್ರೆ ಓದೋನು ನಾನು. ಇಂಥದನ್ನ ಬಿಡ್ತೀನಾ ಟೀಚರ್?"

"ಬಿಡು ಅಂತ ಕೇಳೋಕೆ ಬಂದಿಲ್ಲ ಕಣೋ," ಎಂದರು ಟೀಚರ್. ಮನಸ್ಸಿನೊಳಗೆ ಕೇಳುತ್ತಿದ್ದದ್ದು ಅದನ್ನೇ.

ಅವನು ಬಿಡಲಿಲ್ಲ. ತುಂಬಿದ ಸಭೆಯಲ್ಲಿ ಕಪ್, ಅಂಚು, ಚರಟ ಎಲ್ಲವನ್ನೂ ಉಪ್ಪು ಖಾರ ಹಚ್ಚಿ ಓದಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಳದ ಮುಂದೆ ನಿಂತ ಟೀಚರ ಕಿವಿ ಕೆಂಪಾಯಿತು.

"ಹಾಳೇಲಿ ಇಲ್ಲ ಅಂತ ಗೊತ್ತಾಯ್ತಲ್ಲ," ಎಂದ ತಿಹೊಮಿರ್, ಅಕಾರ್ಡಿಯನ್ ಹೆಗಲಿಗೇರಿಸುತ್ತ. "ಇವತ್ತು ಆ ಸ್ವರ ನಿಲ್ಲಿಸ್ತೀರೋ, ಬಿಡ್ತೀರೋ?"

ಟೀಚರ್ ಸಭೆಯ ಕಡೆ ನೋಡಿದರು. ಮುದುಕಿಯರು ಆಗಲೇ ಕರವಸ್ತ್ರ ಹಿಡಿದು ಕೂತಿದ್ದರು.

"ನಿಲ್ಲಿಸ್ತೀನಿ. ಹಾಳೆ ಹೇಳ್ತಿಲ್ಲ, ನಾನು ಹೇಳ್ತಿದೀನಿ." ತಿಹೊಮಿರನ ಕಡೆ ತಿರುಗಿದರು. "ಅವತ್ತು ನಿನ್ನನ್ನ ಹೊರಗೆ ಹಾಕಿದ್ದೂ ನಾನೇ ಕಣೋ, ಹಾಳೆ ಅಲ್ಲ. ತಪ್ಪಾಯ್ತು. ಆ ಪೆಟ್ಟಿಗೆ ಕೆಳಗಿಡು. ಬಾ, ಮೇಳದಲ್ಲಿ ನಿಂತ್ಕೋ."

ನಗು ನಿಂತಿತು. ತಿಹೊಮಿರ್ ಒಂದು ಸಲ ಟೀಚರ ಮುಖ ನೋಡಿದ. ವಾದ್ಯ ಇಳಿಸಿ, ಎರಡನೇ ಸಾಲಿನಲ್ಲಿ ಕಸಾಯಿ ರಾಂಕೋನ ಪಕ್ಕ ಹೋಗಿ ನಿಂತ.

ಹಾಡು ಆ ಸ್ವರಕ್ಕೆ ಬಂತು. ಟೀಚರ ಕೈ ಮೇಲೇರಿತು. ಉಳಿದವರೆಲ್ಲ ಸುಸ್ತಾಗಿ ಒಬ್ಬೊಬ್ಬರಾಗಿ ಬಿಟ್ಟರೂ ತಿಹೊಮಿರ್ ಬಿಡಲಿಲ್ಲ. ಕಣ್ಣು ಮುಚ್ಚಿ, ಸಭೆಗೆಲ್ಲ ಕೇಳುವ ಹಾಗೆ ಎರಡು ಸಲ ಉಸಿರೆಳೆದುಕೊಂಡು ಹಾಡುತ್ತಲೇ ಇದ್ದ. ಶ್ರುತಿಯೋ, ದೇವರೇ ಗತಿ. ಟೀಚರ ಹುಬ್ಬು ಗಂಟಿಕ್ಕಿತು, ಆದರೂ ತಿದ್ದಲಿಲ್ಲ. ಅವನು ತಾನಾಗಿ ಸಾಕುಮಾಡುವ ತನಕ ಅವರು ಕೈ ಇಳಿಸಲಿಲ್ಲ.